ಬಸ್ತಾದ ಪಾಯಿಂಟುಗಳು

ಕಾರ್ಡಿನ ಮೇಲೆ ಉಬ್ಬಿ ನಿಂತ ಅಂಕಿಗಳಲ್ಲಿ ಮೂರು ಎಂಟುಗಳಿದ್ದವು. ಮೂರರ ಆರೂ ಹೊಟ್ಟೆಗಳಲ್ಲಿ ಅರಿಶಿನ ತುಂಬಿ ಒಣಗಿತ್ತು. ಬೆಂಕಿಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿ, ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ನಾನು ಒಂದೊಂದನ್ನೇ ಸ್ವಚ್ಛ ಮಾಡಿದೆ. ಮುಂಭಾಗ ಮುಗಿದ ಮೇಲೆ ಕಾರ್ಡನ್ನು ತಿರುಗಿಸಿ ಹಿಂಭಾಗವನ್ನೂ ಅದೇ ಹತ್ತಿಯಿಂದ ಒರೆಸಿದೆ. ಹತ್ತಿ ಮೊದಲು ಹಳದಿಯಾಯಿತು, ಆಮೇಲೆ ಸ್ವಲ್ಪ ನೀಲಿಯಾಯಿತು. ನೀಲಿ ಎಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಯೋಚಿಸಬೇಕಾಗಿತ್ತು.

ಕಾರ್ಡು ನನ್ನದಲ್ಲ. ನನ್ನ ಕಾಕುವಿನದು, ಅಂದರೆ ಅಪ್ಪನ ತಮ್ಮನ ಹೆಂಡತಿಯದು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಮ್ಮ ಮನೆ ಐನಾಪುರದಲ್ಲಿ. ಅಪ್ಪನಿಗೆ ಅಲ್ಲಿ ಸ್ವಲ್ಪ ಕಬ್ಬು, ಸ್ವಲ್ಪ ದ್ರಾಕ್ಷಿ. ಹೈಸ್ಕೂಲಿಗೆ ಸೇರಿದಾಗಿನಿಂದ ನಾನು ಚಿಕ್ಕೋಡಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ನಡುವೆ ಎರಡು ವರ್ಷ ಧಾರವಾಡದಲ್ಲಿ ಓದಿ, ಮತ್ತೆ ಅದೇ ಮನೆಗೆ ಮರಳಿ, ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ.

ಕಾಕಾ ಬ್ಯಾಂಕಿನಲ್ಲಿದ್ದ. ಇಷ್ಟು ಜನಕ್ಕೆ ಕ್ರೆಡಿಟ್ ಕಾರ್ಡ್ ಮಾಡಿಸಬೇಕೆಂದು ಬ್ರಾಂಚಿಗೆ ಮೇಲಿನಿಂದ ಆದೇಶ ಬಂದ ವರ್ಷ ಚಿಕ್ಕೋಡಿಯಲ್ಲಿ ಯಾರೂ ಅದನ್ನು ಕೇಳಿ ಬರಲಿಲ್ಲ. ಸಾಲ ಮಾಡಲು ಇಷ್ಟು ಸಣ್ಣ ಪ್ಲಾಸ್ಟಿಕ್ ತುಂಡು ಯಾಕೆ ಬೇಕು ಎಂದು ಜನ ಕೇಳಿದರು. ಕೊನೆಗೆ ಕಾಕಾ ತನಗೊಂದು ಮಾಡಿಸಿದ. ಸಂಖ್ಯೆ ಕೂಡಲೆಂದು ಅದರ ಜೋಡಿ ಕಾರ್ಡನ್ನು ಹೆಂಡತಿಯ ಹೆಸರಿಗೂ ಮಾಡಿಸಿದ. ಅದು ಅಂಚೆಯಲ್ಲಿ ಬಂದ ದಿನ ಕಾಕು ಅದರ ಹಿಂದಿನ ಬಿಳಿ ಪಟ್ಟಿಯ ಮೇಲೆ, ಕಾಕಾ ಹೇಳಿದಂತೆ, ಬಾಲ್‌ಪೆನ್ನಿನಲ್ಲಿ ಸಹಿ ಮಾಡಿದಳು. ಸಹಿ ಮರಾಠಿಯಲ್ಲಿ. ಕಾಕುವಿನ ತವರು ಕಾಗವಾಡದ ಹತ್ತಿರ; ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಓದಿದವಳು. ಮನೆಯ ಮಾತು ಕನ್ನಡ, ಕಲಿತ ಅಕ್ಷರ ಮರಾಠಿ. ಸಾಮಾನಿನ ಯಾದಿಯನ್ನೂ ಹಾಗೇ ಬರೆಯುತ್ತಿದ್ದಳು: 'ಜ್ವಾಳದ ಹಿಟ್ಟು' ಎಂಬ ಕನ್ನಡ ಮಾತನ್ನು ಮರಾಠಿ ಅಕ್ಷರಗಳಲ್ಲಿ.

ಆ ಕಾರ್ಡು ಮನೆಯಲ್ಲೇ ಬಿದ್ದಿರುತ್ತದೆ ಎಂದುಕೊಂಡಿದ್ದೆವು. ಬಸ್ತಾದಿಂದಾಗಿ ಅದು ಹೊರಗೆ ಬಂತು.

ನಮ್ಮ ಕಡೆ ಮದುವೆ ಗಟ್ಟಿಯಾದ ಮೇಲೆ ಮೊದಲ ದೊಡ್ಡ ಕೆಲಸ ಬಸ್ತಾ. ಎರಡೂ ಬೀಗರ ಕಡೆಯವರು ಕೂಡಿ ಪೇಟೆಗೆ ಹೋಗಿ, ಒಂದೇ ಅಂಗಡಿಯ ಗಾದಿಯ ಮೇಲೆ ಕೂತು, ಮದುವೆಯ ಬಟ್ಟೆಯನ್ನೆಲ್ಲ ಒಂದೇ ದಿನ ತೆಗೆಯುವುದು. ಮದುಮಗಳ ಸೀರೆಯಿಂದ ಹಿಡಿದು ದೂರದ ಅತ್ತೆಯಂದಿರಿಗೆ ಉಡುಗೊರೆಯಾಗಿ ಕೊಡುವ ಆಯೇರಿನ ಸೀರೆಯವರೆಗೆ. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ, ಮತ್ತು ಎರಡು ಮನೆತನಗಳು ಒಂದನ್ನೊಂದು ನಿಜವಾಗಿ ತಿಳಿಯುವುದು ಆ ದಿನವೇ. ಹೀಗೆ ಹೋಗುವಾಗ ಸೀರೆ ಬಲ್ಲ ಒಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋಗುವ ರೂಢಿ ಇದೆ. ನಮ್ಮ ಓಣಿಯಲ್ಲಿ, ಆಮೇಲೆ ಆಚೆ ಓಣಿಗಳಲ್ಲಿ, ಆಮೇಲೆ ಐನಾಪುರ, ಶೇಡಬಾಳದ ನಮ್ಮ ಬಳಗದಲ್ಲಿ ಆ ಹೆಂಗಸು ಕಾಕು.

ಕಾಕು ಅಂಗಡಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಸೆರಗಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ, ಮೂಸಿ ನೋಡಿ, ಸೀರೆಯನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದಳು. ಒಮ್ಮೆ ಅಂಗಡಿಯವನಿಗೆ ಸಿಟ್ಟು ಬಂತು.

"ವೈನಿ, ಒಳಗ ಟ್ಯೂಬ್‌ಲೈಟ್ ಹಚ್ಚೇನಲ್ರಿ. ಹೊರಗ ಯಾಕ ಒಯ್ತೀರಿ?"

"ನಿಮ್ಮ ಟ್ಯೂಬ್‌ಲೈಟಿಗೆ ಎಲ್ಲಾ ಸೀರಿ ಸೊಸಿ ಇದ್ದಂಗ ಕಾಣ್ತಾವ್ರಿ," ಎಂದಳು ಕಾಕು. "ಬಿಸಲಿಗೆ ತಂದ್ರ ಖರೇ ಗೊತ್ತಾಗ್ತೈತಿ, ಅದ ಅತ್ತಿ ಐತಿ ಅಂತ."

ಮದುಮಗಳ ಭಾವೀ ಅತ್ತೆ ಅಲ್ಲೇ ಕೂತಿದ್ದಳು. ಅವಳೂ ನಕ್ಕಳಂತೆ.

ಬಸ್ತಾಕ್ಕೆ ಹೋಗುವ ಹಳ್ಳಿಯ ಮನೆಗಳಿಗೆ ಒಂದು ಭಯವಿತ್ತು. ಅಷ್ಟು ರೊಕ್ಕವನ್ನು ಸೊಂಟಕ್ಕೆ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಬೇಕು. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೈ ಹಾಕುವವರು ಇರುತ್ತಾರೆ. ನಿಪ್ಪಾಣಿಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ, ತಂಬಾಕಿನ ವ್ಯಾಪಾರಿಗಳು ಬಂದು ಹೋಗುತ್ತಿದ್ದುದರಿಂದ, ಕಾರ್ಡ್ ಉಜ್ಜುವ ಯಂತ್ರ ಇತ್ತು. ಹೀಗಾಗಿ ಜನ ರೊಕ್ಕವನ್ನು ಕಾಕಾನ ಕೈಯಲ್ಲಿ ಬ್ಯಾಂಕಿನಲ್ಲೇ ಕೊಟ್ಟು, ಕಾಕುವನ್ನೂ ಅವಳ ಕಾರ್ಡನ್ನೂ ಕರೆದುಕೊಂಡು ಹಗುರಾಗಿ ಬಸ್ಸು ಹತ್ತತೊಡಗಿದರು. ಅಂಗಡಿಯವನು ಕಾರ್ಡನ್ನು ಕಬ್ಬಿಣದ ತಟ್ಟೆಯಲ್ಲಿಟ್ಟು, ಮೇಲೆ ಕಾರ್ಬನ್ ಚೀಟಿ ಹಾಸಿ, ಹಿಡಿಯನ್ನು ಅತ್ತಿಂದಿತ್ತ ಎಳೆಯುತ್ತಿದ್ದ. ಉಬ್ಬಿದ ಅಂಕಿಗಳು ಚೀಟಿಯ ಮೇಲೆ ಮೂಡುತ್ತಿದ್ದವು. ಕಾಕು ಕೆಳಗೆ ಸಹಿ ಮಾಡಿ, ತನ್ನ ಪ್ರತಿಯನ್ನು ಮಡಚಿಟ್ಟುಕೊಳ್ಳುತ್ತಿದ್ದಳು. ಮನೆಗೆ ಬಂದ ಮೇಲೆ ಅದರ ಬೆನ್ನಿಗೆ ಯಾರ ಮದುವೆ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು.

ಪಾಯಿಂಟುಗಳ ವಿಷಯ ನಮಗೆ ತಿಳಿದದ್ದು ತಡವಾಗಿ. ಕಾರ್ಡಿನ ಕಚೇರಿಯಿಂದ ತಿಂಗಳು ತಿಂಗಳು ಬರುತ್ತಿದ್ದ ಹಾಳೆಯ ಮೂಲೆಯಲ್ಲಿ ಒಂದು ಸಂಖ್ಯೆ ಬೆಳೆಯುತ್ತಿತ್ತು. ಒಂದು ಸಲ ಅದರ ಜೊತೆಗೆ ತೆಳ್ಳಗಿನ ಬಣ್ಣದ ಪುಸ್ತಕವೊಂದು ಬಂತು. ಖರ್ಚು ಮಾಡಿದ್ದಕ್ಕೆ ಪಾಯಿಂಟು, ಪಾಯಿಂಟಿಗೆ ಉಡುಗೊರೆ. ಗೋಡೆ ಗಡಿಯಾರ, ಇಸ್ತ್ರಿ ಪೆಟ್ಟಿಗೆ, ಬಿಸಿ ಆರದ ಡಬ್ಬಿಗಳು. ಕೊನೆಯ ಪುಟದಲ್ಲಿ ಹೋಟೆಲುಗಳು: ಗೋವಾ, ಮಹಾಬಳೇಶ್ವರ, ಊಟಿ, ಮೈಸೂರು. ಇಬ್ಬರಿಗೆ ಎರಡು ರಾತ್ರಿ, ಬೆಳಗಿನ ಫರಾಳದ ಸಮೇತ.

ಕಾಕು ಇಸ್ತ್ರಿ ಪೆಟ್ಟಿಗೆಯನ್ನು ಆರಿಸುತ್ತಾಳೆ ಎಂದು ಕಾಕಾ ಹೇಳಿದ. ಅವಳು ಕೊನೆಯ ಪುಟವನ್ನು ಮಡಚಿ ಗುರುತು ಮಾಡಿದಳು.

"ಮಹಾಬಳೇಶ್ವರಕ್ಕ ಹೋಗೂಣು," ಎಂದಳು.

"ಅಲ್ಲೇನೈತಿ?" ಎಂದ ಕಾಕಾ.

"ನಂಗೇನು ಗೊತ್ತು? ಅದಕ್ಕ ಹೋಗೂಣು ಅನ್ನಾಕತ್ತೇನಿ. ಇಪ್ಪತ್ನಾಲ್ಕು ವರ್ಷ ಆತು ಲಗ್ನಾಗಿ. ಜಗತ್ತಿನ ಮಂದಿ ಲಗ್ನಕ್ಕ ಬಸ್ತಾ ಮಾಡೇನಿ. ಒಂದು ಮುಂಜಾನಿ ಇನ್ನೊಬ್ರು ಮಾಡಿದ್ದ ಚಾ ಕುಡದಿಲ್ಲ."

ಅದಾದ ಮೇಲೆ ಪಾಯಿಂಟು ಕೂಡುವುದು ಅವಳಿಗೆ ಒಂದು ವ್ರತದಂತಾಯಿತು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಬಂಗಾರ, ಬೆಳ್ಳಿ, ಪಾಸ್‌ಬುಕ್ಕುಗಳ ಜೊತೆ ಕಾರ್ಡನ್ನೂ ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಏರಿಸಿದಳು. ಎರಡು ವರ್ಷ ಹೀಗಾಯಿತು. ಎರಡನೆಯ ದೀಪಾವಳಿ ಮುಗಿದ ವಾರವೇ ಸಂಖ್ಯೆ ಕೂಡಿ ಬಂತು. ನಾನು ಮೇಜಿನ ಮುಂದೆ ಕೂತು ಫಾರ್ಮ್ ತುಂಬಿದೆ. ಊರಿನ ಎದುರು ಮಹಾಬಳೇಶ್ವರ ಎಂದು ಬರೆದು, ಲಕೋಟೆಗೆ ಅಂಟು ಹಚ್ಚುವುದಷ್ಟೇ ಉಳಿದಿತ್ತು.

ಮರುದಿನ ನನ್ನ ಪತ್ರ ಬಂತು. ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಸಹಾಯಕಿಯ ಹುದ್ದೆಗೆ ಬೇಸಿಗೆಯಲ್ಲಿ ಅರ್ಜಿ ಹಾಕಿದ್ದೆ. ಮುಂದಿನ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಲಿಖಿತ ಪರೀಕ್ಷೆ, ಸೋಮವಾರ ಸಂದರ್ಶನ. ತಪ್ಪದೆ ಎರಡೂ ದಿನ ಹಾಜರಿರಬೇಕು. ಕಾಲೇಜಿನ ನನ್ನ ತಾತ್ಕಾಲಿಕ ಕೆಲಸ ಮಾರ್ಚಿಗೆ ಮುಗಿಯುವುದಿತ್ತು. ಅದು ಮುಗಿದರೆ ಐನಾಪುರಕ್ಕೆ ಹೋಗಬೇಕು, ಹೋದರೆ ಮುಂದಿನ ಬಸ್ತಾ ನನ್ನದೇ. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮದುವೆಯ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಪ್ರಯೋಗಾಲಯದ ಮೇಲೆ ಪ್ರೀತಿ ಇತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಭ್ಯಾಸವೇ ನನಗೆ ಕಡಿಮೆ.

ಪತ್ರ ಬಂದ ವಾರದ ಕೊನೆಗೆ ಅಪ್ಪ ಚಿಕ್ಕೋಡಿಗೆ ಬಂದಿದ್ದ. ಪತ್ರವನ್ನು ಎರಡು ಸಲ ಓದಿಸಿಕೊಂಡ.

"ಪರೀಕ್ಷಾ ಬರಿಬ್ಯಾಡ ಅಂತ ನಾ ಅನ್ನಾಕತ್ತಿಲ್ಲ," ಎಂದ. "ಎಲ್ಲಿ ಇಳಕೋತಿ, ಅಷ್ಟ ಹೇಳು. ಮೈಸೂರಾಗ ನಮ್ಮವರು ಅನ್ನೂವರು ಯಾರದಾರ?"

ಯಾರೂ ಇರಲಿಲ್ಲ. ಪುಣೆಯೋ ಮಿರಜೋ ಆಗಿದ್ದರೆ ನಾಲ್ಕು ಮನೆಗಳಿದ್ದವು. ಕೆಳಗಿನ ಸೀಮೆಯಲ್ಲಿ ನಮಗೆ ಒಂದು ಹೊಸ್ತಿಲೂ ಇರಲಿಲ್ಲ. ಅಪ್ಪನಿಗೆ ದ್ರಾಕ್ಷಿಗೆ ಔಷಧ ಹೊಡೆಯುವ ದಿನಗಳು, ಬಿಟ್ಟು ಬರುವಂತಿರಲಿಲ್ಲ. ಕಾಕಾನ ಬ್ಯಾಂಕಿಗೆ ಆ ವಾರ ಆಡಿಟ್‌ನವರು ಬರುವವರಿದ್ದರು. ಲಾಡ್ಜ್ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ಎತ್ತಲಿಲ್ಲ. ಅಪ್ಪ ಪತ್ರವನ್ನು ಮಡಿಕೆ ಕೆಡದಂತೆ ಮಡಚಿ ನನ್ನ ಕೈಗೆ ಕೊಟ್ಟ. ಆ ಜೋಪಾನ ನೋಡಿಯೇ ಉತ್ತರ ಏನೆಂದು ನನಗೆ ತಿಳಿಯಿತು.

ಕಾಕು ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಗಂಡನ ಅಣ್ಣನೊಡನೆ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅವಳು ನನ್ನ ಕಡೆ ನೋಡಿ ಮಾತಾಡಿದಳು.

"ನಿಮ್ಮಪ್ಪಗ ಹೇಳ ಬೇ, ಮೈಸೂರಾಗ ನಂದೊಂದು ಖೋಲಿ ಐತಿ ಅಂತ. ಎರಡು ದಿನದ್ದು. ದೊಡ್ಡ ಹೋಟೆಲ್ಲು. ನಾನೂ ಸಂಗಾಟ ಹೊಕ್ಕೇನಿ."

ನಾನು ಹೇಳಬೇಕಾದ್ದೇನೂ ಇರಲಿಲ್ಲ, ಅಪ್ಪ ಎರಡು ಮೊಳ ದೂರದಲ್ಲಿ ಕೂತಿದ್ದ. ಅವನೂ ನನ್ನ ಕಡೆಗೇ ನೋಡಿ ಉತ್ತರಿಸಿದ.

"ಫುಕಟ ಕೊಡ್ತಾರ ಅಂದ್ರ ಅದರಾಗ ಏನರೆ ಇರ್ತೈತಿ ಅಂತ ಹೇಳ ನಿಮ್ಮ ಕಾಕುಗ."

"ಫುಕಟ ಅಲ್ಲ ಅನ್ನು. ಹದಿನೇಳು ಬಸ್ತಾ ಮಾಡೇನಿ. ನಿಂತು ನಿಂತು ಕಾಲು ಬಾತಾವ."

ಕಾಕಾ ಪತ್ರಿಕೆ ಕೆಳಗಿಟ್ಟು, "ಅಣ್ಣಾ, ಖರೇ ಐತಿ. ಅಕೀವ ಪಾಯಿಂಟು," ಎಂದ. ಅಪ್ಪ ಚಹಾದ ಬಟ್ಟಲನ್ನು ಬರಿದು ಮಾಡಿ ಕೆಳಗಿಟ್ಟ. ಆಮೇಲೆ, "ಹಂಗಾರ ಹೋಗಿ ಬರ್ಲಿ," ಎಂದ.

ಅವತ್ತು ಸಂಜೆ ಕಾಕು ಮೊದಲ ಫಾರ್ಮನ್ನು ಹರಿದು ಹಾಕಿಸಿ ಹೊಸದನ್ನು ತುಂಬಿಸಿದಳು. ನಾನು ಬೇಡವೆಂದೆ. ಸರಿಯಾಗಿ ಹೇಳಬೇಕೆಂದರೆ, ಬೇಡವೆಂದು ಒಂದೇ ಸಲ ಅಂದೆ. "ಮಹಾಬಳೇಶ್ವರ ಗುಡ್ಡದ ಮ್ಯಾಲೈತಿ, ಎಲ್ಲಿ ಹೊಕ್ಕೈತಿ?" ಎಂದು ಅವಳು ಅಂದಾಗ ಎರಡನೆಯ ಸಲ ಅನ್ನಲಿಲ್ಲ. ಆ ಒಂದು ಸಲವೂ ನನ್ನ ದನಿ ಎಷ್ಟು ಮೆಲ್ಲಗಿತ್ತು ಎಂಬುದು ನನಗೆ ಇವತ್ತಿಗೂ ನೆನಪಿದೆ.

ನಾವು ಹೊರಡುವ ನಾಲ್ಕು ದಿನ ಮೊದಲು ಹೋಟೆಲಿನ ಕೋಣೆಯ ವೋಚರ್ ಬಂತು. ಕಾರ್ಡುದಾರರು ಖುದ್ದಾಗಿ ಬಂದು ಕಾರ್ಡು ತೋರಿಸಿ ಸಹಿ ಮಾಡಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಕಾರ್ಡು ತೆಗೆದು ನೋಡಿದಾಗ ಅರಿಶಿನ ಮೆತ್ತಿತ್ತು. ದೊಡ್ಡ ಹೋಟೆಲಿನ ಟೇಬಲ್ಲಿನ ಮೇಲೆ ಆ ಹಳದಿ ಕಾರ್ಡನ್ನು ಇಡುವ ಕ್ಷಣವನ್ನು ಊಹಿಸಿಕೊಂಡು ನನಗೆ ನಾಚಿಕೆಯಾಯಿತು. ಆ ನಾಚಿಕೆಗೇ ನಾನು ಸ್ಪಿರಿಟ್ ತಂದದ್ದು.

ಶುಕ್ರವಾರ ಸಂಜೆ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಶನಿವಾರ ಮಧ್ಯಾಹ್ನ ಎರಡರ ಸುಮಾರಿಗೆ ಮೈಸೂರು ಸೇರಿದೆವು. ಕಾಕು ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತಿದ್ದಳು. ಮಂಡ್ಯದ ಕಬ್ಬು ನೋಡಿ, "ನಮ್ಮಷ್ಟು ಎತ್ತರಿಲ್ಲ," ಎಂದಳು.

ಹೋಟೆಲಿನ ನೆಲ ಎಷ್ಟು ನುಣುಪಾಗಿತ್ತೆಂದರೆ ಕಾಕು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದಳು. ನಾನು ಕಣ್ಣಿನಿಂದಲೇ ಸನ್ನೆ ಮಾಡಿ ಮತ್ತೆ ಮೆಟ್ಟಿಸಿದೆ. ಟೇಬಲ್ಲಿನ ಹಿಂದೆ ಟೈ ಕಟ್ಟಿದ ಯುವಕನೊಬ್ಬ ನಿಂತಿದ್ದ. ನಾವಿಬ್ಬರು ನಮ್ಮ ನಡುವೆ ಮಾತಾಡಿಕೊಂಡದ್ದನ್ನು ಕೇಳಿ ಹಿಂದಿಯಲ್ಲಿ ಶುರು ಮಾಡಿದ.

"ನಾವು ಕನ್ನಡದವರ ಅದೇವ್ರಿ," ಎಂದಳು ಕಾಕು.

"ಓ, ಕ್ಷಮಿಸಿ ಮೇಡಂ. ಮಹಾರಾಷ್ಟ್ರದವರು ಅಂದುಕೊಂಡೆ."

"ಅಲ್ಲಿಯವರು ನಮ್ಮನ್ನ ಕರ್ನಾಟಕದವರು ಅಂತಾರ. ನೀವರೆ ನಮ್ಮವರು ಅನ್ರಿ."

ಯುವಕ ನಕ್ಕು ವೋಚರನ್ನು ತೆಗೆದುಕೊಂಡ. ಕಾಕು ಅವನು ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿದಳು. ಅವನು ಕಾರ್ಡನ್ನು ತಿರುಗಿಸಿದ. ಮತ್ತೆ ಮುಂಭಾಗ ನೋಡಿದ. ಮತ್ತೆ ತಿರುಗಿಸಿದ.

"ಇದರಲ್ಲಿ ಸಹಿ ಇಲ್ವಲ್ಲ ಮೇಡಂ."

ಬಿಳಿ ಪಟ್ಟಿ ಬರಿದಾಗಿತ್ತು. ಹತ್ತಿ ಯಾಕೆ ನೀಲಿಯಾಗಿತ್ತು ಎಂಬುದು ನನಗೆ ಆಗ ಹೊಳೆಯಿತು. ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ. ಇದನ್ನು ನಾನೇ ಪಿಯುಸಿ ಹುಡುಗಿಯರಿಗೆ ಪ್ರಯೋಗ ಮಾಡಿ ತೋರಿಸಿದ್ದೆ. ಹೇಳಲೆಂದು ಬಾಯಿ ತೆರೆದೆ.

"ಅದನ್ನ ನಾನ ತೊಳದೇನ್ರಿ," ಎಂದಳು ಕಾಕು. "ಪೂಜಾದ ಅರಿಷಿಣ ಹತ್ತಿತ್ತು. ತಿಕ್ಕಿ ತೊಳದೆ. ಸಹಿ ಹೊಕ್ಕೈತಿ ಅಂತ ತಿಳೀಲಿಲ್ಲ. ಹಳ್ಳಿ ಹೆಣಮಗಳು, ನಂಗೇನು ಗೊತ್ತಾಗ್ತೈತ್ರಿ."

ಕಾಕು ತನ್ನನ್ನು ಹಳ್ಳಿ ಹೆಣ್ಣುಮಗಳು ಎಂದು ಕರೆದುಕೊಂಡದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನಿಪ್ಪಾಣಿಯ ಅಂಗಡಿಯಲ್ಲಿ ಯಾರಾದರೂ ಹಾಗೆ ಕರೆದಿದ್ದರೆ ಅವತ್ತಿನ ಬಸ್ತಾ ಬೇರೆ ಅಂಗಡಿಯಲ್ಲಿ ಆಗುತ್ತಿತ್ತು.

ಯುವಕ ಒಳ್ಳೆಯವನೇ. ಆದರೆ ಅವನು ಹೇಳಿದ್ದೂ ಸರಿ. ಸಹಿ ತಾಳೆ ನೋಡದೆ ವೋಚರ್ ಒಪ್ಪಿಕೊಂಡರೆ ಕಾರ್ಡಿನ ಕಚೇರಿಯವರು ಹೋಟೆಲಿಗೆ ಹಣ ಕೊಡುವುದಿಲ್ಲ. ಬೇಕಾದರೆ ಪೂರ್ತಿ ಬಾಡಿಗೆ ಕೊಟ್ಟು ಕೋಣೆ ತೆಗೆದುಕೊಳ್ಳಬಹುದು. ಅವನು ಹೇಳಿದ ಬಾಡಿಗೆ ನಮ್ಮ ಕೈಯಲ್ಲಿದ್ದದ್ದಕ್ಕಿಂತ ಬಹಳ ಹೆಚ್ಚು. ಕಾಕಾನಿಗೆ ಫೋನ್ ಮಾಡಲು ಹೊರಗಿನ ಎಸ್‌ಟಿಡಿ ಬೂತಿಗೆ ಹೋದೆ. ಶನಿವಾರ, ಬ್ಯಾಂಕು ಮಧ್ಯಾಹ್ನವೇ ಮುಚ್ಚಿತ್ತು. ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮನೆಯಲ್ಲಿ ಫೋನಿರಲಿಲ್ಲ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ನಾನು ಲೆಕ್ಕ ಹಾಕಿದೆ: ಈಗಲೇ ಹೊರಟರೆ ಬೆಂಗಳೂರಿನಿಂದ ಊರಿಗೆ ಹೋಗುವ ಸಂಜೆಯ ಬಸ್ಸು ಸಿಗುತ್ತದೆ. ಅಪ್ಪನಿಗೆ ಕೊಟ್ಟ ಮಾತು ದೊಡ್ಡ ಹೋಟೆಲಿನದು. ಗೊತ್ತಿಲ್ಲದ ಊರಿನಲ್ಲಿ ಬೇರೆ ಜಾಗ ಹುಡುಕಿಕೊಂಡು ಕಾಕುವನ್ನು ಎಳೆದಾಡುವ ಹಕ್ಕು ನನಗಿರಲಿಲ್ಲ. ಹಿಂದಿರುಗಿ ಹೋಗೋಣ ಎಂದು ಹೇಳುವುದೆಂದು ನಿರ್ಧರಿಸಿಕೊಂಡು ಒಳಗೆ ಬಂದೆ.

ಕಾಕು ಹಾಲ್‌ನ ಸೋಫಾದ ತುದಿಯಲ್ಲಿ ಕೂತು ತನ್ನ ಚೀಲವನ್ನು ಖಾಲಿ ಮಾಡುತ್ತಿದ್ದಳು. ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿಯ ಡಬ್ಬಿ, ಎರಡು ಸೀರೆ, ಟವೆಲ್. ಕೆಳಗಿನಿಂದ ದಾರ ಕಟ್ಟಿದ ಒಂದು ಕಾಗದದ ಕಟ್ಟು ಬಂತು. ಅದನ್ನು ಎತ್ತಿಕೊಂಡು ಟೇಬಲ್ಲಿಗೆ ಹೋದಳು.

"ಹಿಂದಿನ ಸಹಿ ಬೇಕಲ್ರಿ ನಿಮಗ? ತಗೋರಿ. ಹದಿನೇಳು ಅದಾವ."

ಬಸ್ತಾದ ಚೀಟಿಗಳು. ಮೂರು ತಿಂಗಳು ಇಟ್ಟುಕೋ ಎಂದು ಕಾಕಾ ಹೇಳಿದ್ದನ್ನು ಅವಳು ಮೂರು ವರ್ಷ ಪಾಲಿಸಿದ್ದಳು. ಯಾಕೆ ತಂದಿದ್ದಳು ಎಂದು ಆಮೇಲೆ ಕೇಳಿದೆ. "ಪಾಯಿಂಟು ಹ್ಯಾಂಗ ಬಂದು ಅಂತ ಯಾರರೆ ಕೇಳಿದ್ರ?" ಎಂದಳು. ಕೇಳುತ್ತಾರೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಅಷ್ಟು ಒಳ್ಳೆಯ ವಸ್ತುವನ್ನು ಯಾರಾದರೂ ವಿಚಾರಿಸದೆ ಕೊಡುತ್ತಾರೆಯೇ?

ಯುವಕ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಐವತ್ತು ದಾಟಿದ, ಕನ್ನಡಕದ ದಾರ ಕೊರಳಿಗೆ ಹಾಕಿಕೊಂಡ ಮನುಷ್ಯ. ಅವರು ಚೀಟಿಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಹರಡಿದರು. ಪ್ರತಿಯೊಂದರಲ್ಲೂ ಕಾರ್ಡಿನ ಅಂಕಿಗಳು ಒತ್ತಿ ಮೂಡಿದ್ದವು, ಕೆಳಗೆ ಅದೇ ಮರಾಠಿ ಸಹಿ. ಕಾರ್ಡನ್ನು ಪಕ್ಕದಲ್ಲಿಟ್ಟು ಅಂಕಿ ಅಂಕಿಗೂ ಬೆರಳಿಟ್ಟು ನೋಡಿದರು. ಒಂದು ಚೀಟಿಯನ್ನು ಮಗುಚಿ, ಹಿಂದಿ ಓದುವವರ ಹಾಗೆ ಬಿಡಿಸಿ ಓದತೊಡಗಿದರು.

"ಶೇಡಬಾಳದ... ಸಣ್ಣ ಮಗಳ... ಲಗ್ನ. ಹಸರ ಸೀರಿಗೆ... ಅತ್ತಿ... ಸಿಟ್ಟಾದಳು." ಅವರು ತಲೆಯೆತ್ತಿದರು. "ಇದು ಕನ್ನಡ!"

"ಮತ್ತ ಇನ್ನೇನು?" ಎಂದಳು ಕಾಕು.

"ಯಾಕಮ್ಮ ಸಿಟ್ಟಾದರು?"

"ಹುಡುಗಿಗೆ ಹಸರ ಬಣ್ಣ ಬೇಕಿತ್ರಿ. ಅತ್ತಿಗೆ ಕೆಂಪ ಬೇಕಿತ್ತು. ನಾ ಹಸರ ತಗಿಸಿದೆ. ಉಡೂವಾಕಿ ಅಕಿ."

ಮ್ಯಾನೇಜರ್ ಇನ್ನೊಂದನ್ನು ಮಗುಚಿದರು, ಮತ್ತೊಂದನ್ನು. ಕಾಕು ಒಂದೊಂದಕ್ಕೂ ಯಾರು, ಯಾವ ಊರು, ಎಷ್ಟು ಸೀರೆ, ಈಗ ಆ ಹುಡುಗಿಗೆ ಎಷ್ಟು ಮಕ್ಕಳು ಎಂದು ಹೇಳಿದಳು. ಸಹಿಯನ್ನು ತಾಳೆ ನೋಡುವ ಕೆಲಸ ಯಾವಾಗ ಮುಗಿಯಿತೋ ನನಗೆ ತಿಳಿಯಲಿಲ್ಲ. ಅದು ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಓದುತ್ತಿದ್ದರು ಎಂದು ನನ್ನ ಗುಮಾನಿ. ಕೊನೆಗೆ ಒಂದು ಬಿಳಿ ಹಾಳೆ ಕೊಟ್ಟು ಮೂರು ಸಲ ಸಹಿ ಮಾಡಲು ಹೇಳಿದರು. ಕಾಕು ಮಾಡಿದಳು. ಮೂರೂ ಒಂದೇ ಅಚ್ಚಿನವು.

"ಇಷ್ಟು ಸೀರೆಯಲ್ಲಿ ನಿಮ್ಮದು ಯಾವುದಮ್ಮ?" ಎಂದು ಕೇಳಿದರು.

"ನಂದು ಇಲ್ರಿ ಇದರಾಗ. ನಾ ಉಟ್ಟಿದ್ದು ಇದು ಆಯೇರಿಂದು."

ಅವರು ನಾಲ್ಕು ಚೀಟಿಗಳನ್ನು ಝೆರಾಕ್ಸ್ ಮಾಡಿಸಿ ವೋಚರಿಗೆ ಪಿನ್ನು ಹಾಕಿದರು. ಕಾರ್ಡಿನ ಹಿಂದೆ ತಮ್ಮೆದುರೇ ಹೊಸದಾಗಿ ಸಹಿ ಮಾಡಿಸಿದರು. "ಇನ್ನು ಪೂಜೆಯಲ್ಲಿ ಇಡಬೇಡಿ," ಎಂದರು.

"ಇಡತೇನ್ರಿ," ಎಂದಳು ಕಾಕು. "ಕವರಿನಾಗ ಹಾಕಿ ಇಡತೇನಿ."

ಕೋಣೆ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ಹಾಕಿಕೊಂಡ ಮೇಲೆ ನಾನು ಮಂಚದ ಅಂಚಿನಲ್ಲಿ ಕೂತೆ. ಕಾಕು ಕೋಣೆಯನ್ನು ಸೀರೆ ನೋಡಿದ ಹಾಗೆಯೇ ನೋಡಿದಳು. ಪರದೆಯ ಬಟ್ಟೆಯನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಹಾಸಿಗೆಯ ಬಿಳಿ ಚಾದರವನ್ನು ಮೂಸಿದಳು. ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿ, ನೀರಿನ ಕೆಳಗೆ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಳು.

"ಕಾಕು," ಎಂದೆ, "ಕಾರ್ಡ ತಿಕ್ಕಿದಾಕಿ ನಾ. ನೀ ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?"

ಅವಳು ನಲ್ಲಿ ನಿಲ್ಲಿಸಿದಳು. "ನಿನ್ನ ಮಾರಿ ಸುಣ್ಣ ಬಳದಂಗ ಆಗಿತ್ತು. ನಾಳೆ ಪರೀಕ್ಷಾ ನಿಂದು. ನಂದೇನೈತಿ ಪರೀಕ್ಷಾ?"

"ನಿನಗ ಮೊದಲ ಗೊತ್ತಿತ್ತೇನು, ನಾ ತಿಕ್ಕೇನಿ ಅಂತ?"

"ಮನಿ ತುಂಬ ದವಾಖಾನಿ ವಾಸನಿ ಹೊಡ್ಯಾಕತ್ತಿತ್ತು. ಗೊತ್ತಾಗದ ಏನ?" ಎಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಅರಿಷಿಣಕ್ಕ ನಾಚೀದಿ ನೀ. ಇರ್ಲಿ. ನಿನ್ನ ವಯಸ್ಸಿನಾಗ ನಾನೂ ನಾಚತಿದ್ದೆ, ಬ್ಯಾರೆ ಯಾವ್ಯಾವುದಕ್ಕೋ."

ಕ್ಷಮೆ ಕೇಳಿದರೆ ಅವಳು ಮಾತು ಹಾರಿಸುತ್ತಿದ್ದಳು. ಆದ್ದರಿಂದ ಎದ್ದು ಬುತ್ತಿ ಬಿಚ್ಚಿದೆ. ನೆಲದ ಮೇಲೆ ಪತ್ರಿಕೆ ಹಾಸಿ ಇಬ್ಬರೂ ಕೂತು ರೊಟ್ಟಿ, ಚಟ್ನಿ ತಿಂದೆವು. ಬೆಳ್ಳುಳ್ಳಿಯ ವಾಸನೆ ಹೊರಗೆ ಹೋದೀತೆಂದು ಎದ್ದು ಬಾಗಿಲ ಸಂದಿಗೆ ಟವೆಲ್ ಇಡಹೋದವಳು, ಅರ್ಧದಲ್ಲಿ ನಿಂತು, ಟವೆಲನ್ನು ಇದ್ದಲ್ಲೇ ಇಟ್ಟು ಬಂದು ಕೂತೆ. ಕಾಕು ನೋಡಿದಳೋ ಇಲ್ಲವೋ, ಇನ್ನೊಂದು ರೊಟ್ಟಿ ನನ್ನ ಕಡೆ ಸರಿಸಿದಳು.

ಕೃತಜ್ಞತೆಯ ಬಗ್ಗೆ ನನಗೆ ಚೆನ್ನಾಗಿ ಬರೆಯಲು ಬರುವುದಿಲ್ಲ. ಒಬ್ಬರು ನಮಗಾಗಿ ಬಿಟ್ಟುಕೊಟ್ಟದ್ದನ್ನು ಅಳೆಯುವ ಮಾಪಕ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಆದರೆ ಕೆಲವು ಸಂಗತಿಗಳನ್ನು ಇದ್ದ ಹಾಗೆ ಬರೆಯಬಲ್ಲೆ. ಆ ಎರಡು ರಾತ್ರಿಗಳು ಹದಿನೇಳು ಹುಡುಗಿಯರ ಮದುವೆಯ ಸೀರೆಗಳಿಂದ ಬಂದವು. ಅವರಲ್ಲಿ ಕೆಲವರು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವರು, ನನಗಿಂತ ಹೆಚ್ಚು ಅಂಕ ತೆಗೆದವಳೂ ಒಬ್ಬಳಿದ್ದಳು. ಅವರು ಯಾರಿಗೂ ಇದು ಗೊತ್ತಿಲ್ಲ. ಪರೀಕ್ಷೆಯಲ್ಲಿ ನಾನು ಪಾಸಾದೆ, ಕೆಲಸವೂ ಸಿಕ್ಕಿತು; ಈಗ ಇದನ್ನು ಬರೆಯುತ್ತಿರುವುದು ಅದೇ ಊರಿನ ಬಾಡಿಗೆ ಮನೆಯಲ್ಲಿ. ಕಾಕಾ ಮತ್ತು ಕಾಕು ಮಹಾಬಳೇಶ್ವರಕ್ಕೆ ಇನ್ನೂ ಹೋಗಿಲ್ಲ. ಪಾಯಿಂಟಿನ ನಿ‌ಯಮ ಬದಲಾಗಿದೆ, ಮೊದಲಿನಷ್ಟು ಬೇಗ ಕೂಡುವುದಿಲ್ಲ. ಮುಂದಿನ ಬೇಸಿಗೆಗೆ ನನ್ನ ಸಂಬಳದಲ್ಲಿ ಕಳಿಸುತ್ತೇನೆಂದು ಹೇಳಿದ್ದೇನೆ. "ನೀ ಬ್ಯಾಡ ಅಂದಾಗ ನಾ ಕೇಳಲಿಲ್ಲ, ನಾ ಬ್ಯಾಡ ಅಂದ್ರ ನೀನೂ ಕೇಳಬ್ಯಾಡ," ಎಂದಿದ್ದಾಳೆ.

ಪರೀಕ್ಷೆಯ ದಿನ ಬೆಳಿಗ್ಗೆ ಐದೂವರೆಗೆ ಎದ್ದೆ. ಕಾಕು ಎಂದೂ ಆ ಹೊತ್ತಿಗೆ ಮಲಗಿರುವವಳಲ್ಲ. ಅವತ್ತು ಆ ದೊಡ್ಡ ಹಾಸಿಗೆಯಲ್ಲಿ ಅಡ್ಡಲಾಗಿ, ಒಂದು ಕೈ ತಲೆದಿಂಬಿನ ಕೆಳಗಿಟ್ಟು ನಿದ್ದೆಹೋಗಿದ್ದಳು. ದೀಪ ಹಚ್ಚದೆ ಬಚ್ಚಲಿನ ಬೆಳಕಿನಲ್ಲೇ ತಯಾರಾದೆ. ಪ್ರವೇಶಪತ್ರ, ಎರಡು ಪೆನ್ನು, ಲಾಗ್ ಟೇಬಲ್ ತೆಗೆದುಕೊಂಡು ಕೆಳಗೆ ಬಂದೆ. ಟೇಬಲ್ಲಿನ ಯುವಕನಿಗೆ, ನಮ್ಮ ಕೋಣೆಗೆ ಏಳು ಗಂಟೆಗೆ ಚಹಾ ಕಳಿಸಿ ಎಂದೆ. ಹೆಚ್ಚು ಹಾಲು, ಹೆಚ್ಚು ಸಕ್ಕರೆ, ಶುಂಠಿ ಇದ್ದರೆ ಶುಂಠಿ. ಅವನು ಬರೆದುಕೊಂಡು, ಬರೆದದ್ದನ್ನು ನನಗೆ ಓದಿ ಹೇಳಿದ. ಆಮೇಲೆ ನಾನು ಹೊರಗೆ ಬಂದು, ಹೂವಿನ ಬುಟ್ಟಿ ಇಳಿಸುತ್ತಿದ್ದ ಹೆಂಗಸೊಬ್ಬಳನ್ನು ದಾರಿ ಕೇಳಿ, ಪರೀಕ್ಷೆಯ ಕಡೆಗೆ ನಡೆದೆ.